ಹೆಸರಿಗಿಂತ ಮೊದಲು ಸಭೆ: ವಸಾಹತು ಕಾಲದ ಕ್ವೇಕರ್ ಬೋಧಕಿಯ ವಂಶಮೂಲ ಹುಡುಕುವ ಸಮಗ್ರ ಮಾರ್ಗದರ್ಶಿ

ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ ಕಡೆ ನೆಲೆಸಿರುವ ನಮ್ಮವರ ಕೆಲವು ಮನೆಗಳಿಗೆ ಅಲ್ಲಿನ ಹಳೆಯ ಮನೆತನಗಳಿಂದ ಸೊಸೆ, ಅಳಿಯಂದಿರು ಬಂದಿದ್ದಾರೆ. ಬೀಗರ ಕಡೆ ಯಾರೋ ಒಬ್ಬರು "ನಮ್ಮ ವಂಶದಲ್ಲಿ ಕ್ವೇಕರ್ ಬೋಧಕಿಯೊಬ್ಬಳಿದ್ದಳು" ಅಂದಿರುತ್ತಾರೆ (ಕ್ವೇಕರರೆಂದರೆ ಒಂದು ಕ್ರೈಸ್ತ ಪಂಗಡದವರು, ತಮ್ಮನ್ನು ಫ್ರೆಂಡ್ಸ್, ಅಂದರೆ ಸ್ನೇಹಿತರು, ಎಂದು ಕರೆದುಕೊಳ್ಳುತ್ತಾರೆ). ಮೊಮ್ಮಕ್ಕಳಿಗಾಗಿ ಅದನ್ನು ಬರೆದಿಡಬೇಕೆಂದು ಅಜ್ಜಿಯೋ ತಾತನೋ ಹುಡುಕಲು ಕೂರುತ್ತಾರೆ. ಇತ್ತ ಅಮೆರಿಕನ್ ಸಾಹಿತ್ಯ ಓದುವ ನಮ್ಮ ವಿದ್ಯಾರ್ಥಿಗಳು ಹದಿನೆಂಟನೇ ಶತಮಾನದ ಕ್ವೇಕರ್ ಬೋಧಕಿ ಎಲಿಜಬೆತ್ ಆ್ಯಶ್‌ಬ್ರಿಜ್ ಬರೆದ ಆತ್ಮಕಥನ ಓದಿ, ಆಕೆಯ ತವರು ಯಾವುದೆಂದು ಹುಡುಕುತ್ತಾರೆ. ಇಬ್ಬರಿಂದಲೂ ನನಗೆ ಬರುವ ಪ್ರಶ್ನೆ ಒಂದೇ: ಹೆಸರು ಟೈಪ್ ಮಾಡಿದೆ, ಒಂದೇ ಹೆಸರಿನ ಮೂವತ್ತು ಹೆಂಗಸರು ಬಂದರು, ನಮ್ಮಾಕೆ ಯಾರು?

ಹೆಸರಿನಿಂದ ಶುರು ಮಾಡುವುದೇ ಎಲ್ಲರೂ ಎಡವುವ ಜಾಗ. ಎಲಿಜಬೆತ್, ಮೇರಿ, ಹ್ಯಾನಾ, ಸಾರಾ ಎಂಬ ನಾಲ್ಕು ಹೆಸರುಗಳಲ್ಲೇ ಅರ್ಧ ಊರು ಮುಗಿಯುತ್ತಿದ್ದ ಕಾಲ ಅದು. ಕ್ವೇಕರರ ದಾಖಲೆ ಜೋಡಿಸಿರುವುದು ಸಭೆಗಳ ಪ್ರಕಾರ, ಅಂದರೆ ಆರಾಧನೆಗೂ ವ್ಯವಹಾರಕ್ಕೂ ಒಟ್ಟಿಗೆ ಕೂಡುತ್ತಿದ್ದ ಸಮುದಾಯಗಳ ಪ್ರಕಾರ. ಆದ್ದರಿಂದ ಮೊದಲು ಸಭೆ, ಆಮೇಲೆ ದಿನಾಂಕ, ಕೊನೆಗೆ ಹೆಸರು. ಈ ಕ್ರಮ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಉದಾಹರಣೆಗೆ ಉದ್ದಕ್ಕೂ ಆ್ಯಶ್‌ಬ್ರಿಜ್‌ಳನ್ನೇ ಇಟ್ಟುಕೊಂಡಿದ್ದೇನೆ. ಮೂರು ಗಂಡಂದಿರು, ಮೂರು ದೇಶ, ಹುಟ್ಟಿನಿಂದ ಬೇರೆ ಪಂಗಡ: ಎದುರಾಗಬಹುದಾದ ತೊಡಕುಗಳೆಲ್ಲ ಈ ಒಬ್ಬಳಲ್ಲೇ ಇವೆ.

ಕೂರುವ ಮೊದಲು ಕೈಯಲ್ಲಿರಬೇಕಾದ್ದು

ಉದ್ದನೆಯ ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ ಒಂದು. ಅದರಲ್ಲಿ ಆರು ಅಂಕಣ ಇರಲಿ: ದಾಖಲೆಯಲ್ಲಿ ಬರೆದಿರುವ ದಿನಾಂಕ ಇದ್ದ ಹಾಗೆಯೇ, ನೀವು ಪರಿವರ್ತಿಸಿದ ದಿನಾಂಕ, ಯಾವ ಸಭೆ, ಗಂಡಸರ ಪುಸ್ತಕವೋ ಹೆಂಗಸರ ಪುಸ್ತಕವೋ, ಪುಟ, ಏನು ಬರೆದಿದೆ. ಮೊದಲ ಎರಡು ಅಂಕಣಗಳನ್ನು ಎಂದೂ ಒಂದಾಗಿಸಬೇಡಿ.

ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಉಚಿತ ಖಾತೆ ತೆರೆಯಿರಿ. ಆನ್ಸೆಸ್ಟ್ರಿ ಎಂಬ ಇನ್ನೊಂದು ಜಾಲತಾಣದಲ್ಲಿ ಅಮೆರಿಕದ ಕ್ವೇಕರ್ ಸಭೆಗಳ ಪುಸ್ತಕಗಳ ಚಿತ್ರಗಳಿವೆ, ಅದಕ್ಕೆ ಹಣ ಕಟ್ಟಬೇಕು. ಅಮೆರಿಕದ ಅನೇಕ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೂತು ನೋಡಿದರೆ ಹಣ ಬೇಕಿಲ್ಲ. ಜೊತೆಗೆ ಆ ಕಾಲದ ಕೌಂಟಿಗಳ (ಅಲ್ಲಿನ ಜಿಲ್ಲೆಗಳ) ನಕ್ಷೆ ಇರಲಿ. ಈಗಿನ ಗಡಿ ಹಿಡಿದು ಹುಡುಕಿದರೆ ದಾರಿ ತಪ್ಪುತ್ತದೆ. ಚೆಸ್ಟರ್ ಎಂಬ ಹಳೆಯ ಪಟ್ಟಣ ಇಂದು ಡೆಲವೇರ್ ಕೌಂಟಿಯಲ್ಲಿದೆ. ಆದರೆ ಆ ಕೌಂಟಿ ಹುಟ್ಟಿದ್ದೇ 1789ರಲ್ಲಿ. ಅದಕ್ಕಿಂತ ಹಿಂದಿನ ಅಲ್ಲಿನ ಉಯಿಲು, ಕೋರ್ಟು ಕಾಗದಗಳನ್ನು ಚೆಸ್ಟರ್ ಕೌಂಟಿಯ ದಾಖಲೆಗಳಲ್ಲಿ ನೋಡಬೇಕು, ಅವು ವೆಸ್ಟ್ ಚೆಸ್ಟರ್‌ನಲ್ಲಿವೆ.

ಹಂತ 1: ಸಾವಿನಿಂದ ಶುರು ಮಾಡಿ

ಬೋಧಕಿಯನ್ನು ಹುಡುಕುವವರಿಗೆ ಒಂದು ಅನುಕೂಲ ಇದೆ, ಸಾಮಾನ್ಯ ಹೆಂಗಸರಿಗೆ ಅದಿಲ್ಲ. ಬೋಧಕಿ ತೀರಿಕೊಂಡ ಮೇಲೆ ಆಕೆಯ ಮಾಸಿಕ ಸಭೆ (ಸದಸ್ಯರ ಲೆಕ್ಕ ಬರೆದಿಡುತ್ತಿದ್ದ ಸಭೆ, ಹಂತ 2 ನೋಡಿ) ಆಕೆಯ ಬಗ್ಗೆ ಒಂದು ಸ್ಮರಣೆ ಬರೆದು ಮೇಲಿನ ಸಭೆಗೆ ಕಳಿಸುವ ವಾಡಿಕೆ ಇತ್ತು. ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ ಕಡೆಯ ಇಂಥ ಸ್ಮರಣೆಗಳ ಒಂದು ಸಂಗ್ರಹ 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಅಚ್ಚಾಯಿತು, ಅದರ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಸಿಗುತ್ತದೆ.

ಸ್ಮರಣೆಯಲ್ಲಿ ಮೂರು ಸಂಗತಿ ಮಾತ್ರ ಹೆಕ್ಕಿಕೊಳ್ಳಿ: ಬರೆದ ಸಭೆ ಯಾವುದು, ಆಕೆ ಬೇರೆ ಎಲ್ಲಿಂದ ಬಂದಳೆಂದು ಹೇಳಿದೆ, ಸತ್ತಾಗ ವಯಸ್ಸು ಎಷ್ಟು. ನಮ್ಮಲ್ಲಿ ಹೆಳವರು ಬಂದು ತಲೆತಲಾಂತರದ ಹೆಸರು ಒಪ್ಪಿಸುವಂತೆ ಇಲ್ಲಿ ವಂಶಾವಳಿ ಸಿಗುವುದಿಲ್ಲ. ಆಕೆಯ ಭಕ್ತಿ, ಸಹನೆ, ಕೊನೆಯ ಮಾತುಗಳೇ ಪುಟ ತುಂಬಿರುತ್ತವೆ. ಓದಲು ಮನಸ್ಸು ಕರಗುತ್ತದೆ. ವಂಶ ಹುಡುಕುವವರಿಗೆ ಬೇಕಾದ್ದು ಮಾತ್ರ ಮೊದಲ ಪ್ಯಾರಾದಲ್ಲೇ ಮುಗಿದಿರುತ್ತದೆ.

ಸತ್ತ ಊರು ಆಕೆಯ ಊರಾಗಿರಬೇಕಿಲ್ಲ. ಆ್ಯಶ್‌ಬ್ರಿಜ್ 1753ರಲ್ಲಿ ಬೋಧನೆಗೆಂದು ಕಡಲು ದಾಟಿ ಹೋಗಿ, 1755ರ ಮೇ 16ರಂದು ಐರ್ಲೆಂಡಿನ ಕಾರ್ಲೋ ಕೌಂಟಿಯಲ್ಲಿ ರಾಬರ್ಟ್ ಲೆಕಿ ಎಂಬವರ ಮನೆಯಲ್ಲಿ ತೀರಿಕೊಂಡಳು. ಆಕೆಯ ಬಗ್ಗೆ ಐರ್ಲೆಂಡಿನ ಸಭೆಯೂ ಸಾಕ್ಷ್ಯ ಬರೆಯಿತು. ಅದೊಂದನ್ನೇ ನೋಡಿ ಆಕೆ ಐರಿಷ್ ಹೆಣ್ಣು ಎಂದು ಬರೆದವರಿದ್ದಾರೆ. ಆಕೆಯ ಮನೆ ಪೆನ್ಸಿಲ್ವೇನಿಯಾದ ಗೋಷನ್‌ನಲ್ಲಿತ್ತು, ಹುಟ್ಟಿದ್ದು ಇಂಗ್ಲೆಂಡಿನ ಚೆಷೈರ್‌ನಲ್ಲಿ.

ಸಮಾಧಿ ಕಲ್ಲು ಹುಡುಕಿಕೊಂಡು ಹೋಗಬೇಡಿ. ಕಲ್ಲು ನೆಡುವುದು ಆಡಂಬರ ಎಂದು ಆ ಕಾಲದ ಕ್ವೇಕರರು ಬಿಟ್ಟಿದ್ದರು. ಹದಿನೆಂಟನೇ ಶತಮಾನದ ಬೋಧಕಿಯ ಹೆಸರಿನ ಕಲ್ಲು ಸಿಕ್ಕಿತೆಂದರೆ ಬಹುಮಟ್ಟಿಗೆ ಅದು ಮುಂದೆ ಯಾರೋ ನೆಟ್ಟದ್ದು. ಅದರ ಮೇಲಿನ ತಾರೀಖನ್ನು ಪುಸ್ತಕದೊಂದಿಗೆ ತಾಳೆ ನೋಡದೆ ಬರೆದುಕೊಳ್ಳಬೇಡಿ.

ಹಂತ 2: ಆಕೆಯ ಮಾಸಿಕ ಸಭೆ ಯಾವುದೆಂದು ಗೊತ್ತು ಮಾಡಿಕೊಳ್ಳಿ

ಕ್ವೇಕರರ ವ್ಯವಸ್ಥೆಯಲ್ಲಿ ವಾರದ ಆರಾಧನೆ ನಡೆಯುವ ಸಣ್ಣ ಸಭೆಗಳು, ಅವುಗಳ ಮೇಲೆ ಮಾಸಿಕ ಸಭೆ, ಅದರ ಮೇಲೆ ತ್ರೈಮಾಸಿಕ, ಎಲ್ಲದರ ಮೇಲೆ ವಾರ್ಷಿಕ ಸಭೆ. ಹುಟ್ಟು, ಮದುವೆ, ಸಾವು, ಸದಸ್ಯತ್ವ ಎಲ್ಲ ಬರೆದಿಡುತ್ತಿದ್ದದ್ದು ಮಾಸಿಕ ಸಭೆಯಲ್ಲಿ. ಆರಾಧನೆಗೆ ಹೋಗುತ್ತಿದ್ದ ಕಟ್ಟಡದ ಹೆಸರೇ ಬೇರೆ, ಪುಸ್ತಕ ಇಟ್ಟ ಮಾಸಿಕ ಸಭೆಯ ಹೆಸರೇ ಬೇರೆ ಇರಬಹುದು.

ಜನ ಹೆಚ್ಚಿದಂತೆ ಮಾಸಿಕ ಸಭೆಗಳು ಒಡೆದು ಹೊಸವು ಹುಟ್ಟುತ್ತಿದ್ದವು. ಗೋಷನ್ ಮಾಸಿಕ ಸಭೆ 1722ರಲ್ಲಿ ಚೆಸ್ಟರ್ ಮಾಸಿಕ ಸಭೆಯಿಂದ ಬೇರೆಯಾಯಿತು. ಗೋಷನ್‌ನಿಂದ 1763ರಲ್ಲಿ ಯೂಕ್ಲನ್ ಬೇರೆಯಾಯಿತು. ಅಂದರೆ ಒಂದು ಕುಟುಂಬ ತನ್ನ ಹೊಲ ಬಿಟ್ಟು ಒಂದು ಹೆಜ್ಜೆಯೂ ಕದಲದೆ ಮೂರು ಸಭೆಗಳ ಪುಸ್ತಕಗಳಲ್ಲಿ ಬರಬಹುದು. ನಮ್ಮಲ್ಲಿ ತಾಲ್ಲೂಕು ಒಡೆದಾಗ ಪಹಣಿ ಹಳೆಯ ಕಚೇರಿಯಲ್ಲಿ ಉಳಿಯುವ ಹಾಗೆ. ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ಸಭೆಗಳ ವಂಶವೃಕ್ಷ ಬರೆದುಕೊಳ್ಳಿ, ಮನುಷ್ಯರ ವಂಶವೃಕ್ಷ ಅದರ ನಂತರದ ಪುಟಕ್ಕೆ.

ಇನ್ನೊಂದು ಒಡಕು 1827ರದು. ಆ ವರ್ಷ ಫಿಲಡೆಲ್ಫಿಯಾ ವಾರ್ಷಿಕ ಸಭೆ ಹಿಕ್ಸೈಟ್, ಆರ್ಥೊಡಾಕ್ಸ್ ಎಂದು ಎರಡಾಯಿತು. ಎಷ್ಟೋ ಊರುಗಳಲ್ಲಿ ಒಂದೇ ಹೆಸರಿನ ಎರಡು ಮಾಸಿಕ ಸಭೆಗಳು ಉಂಟಾದವು, ಹಳೆಯ ಪುಸ್ತಕಗಳು ಒಂದು ಕಡೆಯವರ ಕೈಯಲ್ಲಿ ಉಳಿದವು. ಇಂದು ಹಿಕ್ಸೈಟ್ ಕಡೆಯ ಪುಸ್ತಕಗಳು ಹೆಚ್ಚಾಗಿ ಸ್ವಾರ್ತ್‌ಮೋರ್ ಕಾಲೇಜಿನ ಫ್ರೆಂಡ್ಸ್ ಹಿಸ್ಟಾರಿಕಲ್ ಲೈಬ್ರರಿಯಲ್ಲಿ, ಆರ್ಥೊಡಾಕ್ಸ್ ಕಡೆಯವು ಹ್ಯಾವರ್‌ಫರ್ಡ್ ಕಾಲೇಜಿನಲ್ಲಿ ಇವೆ. ಒಂದು ಕಡೆ ಇಲ್ಲ ಎಂದ ಕೂಡಲೇ ಕೈಬಿಡಬೇಡಿ, ಇನ್ನೊಂದು ಕಡೆ ಕೇಳಿ. ದಕ್ಷಿಣಕ್ಕಿರುವ ಕ್ಯಾರೊಲೈನಾಗಳ ಕಡೆಯ ಬೋಧಕಿಯಾದರೆ ಗ್ರೀನ್ಸ್‌ಬರೋದ ಗಿಲ್ಫರ್ಡ್ ಕಾಲೇಜು, ನ್ಯೂ ಇಂಗ್ಲೆಂಡಿನವಳಾದರೆ ಆಮ್ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ.

ವಿಲಿಯಂ ವೇಡ್ ಹಿನ್‌ಷಾ ಮಾಡಿದ ಆರು ಸಂಪುಟಗಳ ಕ್ವೇಕರ್ ವಂಶಕೋಶವನ್ನು ಎಲ್ಲರೂ ಮೊದಲು ತೆರೆಯುತ್ತಾರೆ. 1936ರಿಂದ 1950ರ ನಡುವೆ ಬಂದ ಬೃಹತ್ ಕೆಲಸ ಅದು, ನಾನೂ ನಿತ್ಯ ಬಳಸುತ್ತೇನೆ. ಆದರೆ ಪೆನ್ಸಿಲ್ವೇನಿಯಾ, ನ್ಯೂಜೆರ್ಸಿಗಳ ಸಂಪುಟದಲ್ಲಿ ಇರುವುದು ಸೇಲಂ, ಬರ್ಲಿಂಗ್ಟನ್, ಫಿಲಡೆಲ್ಫಿಯಾ, ಫಾಲ್ಸ್ ಎಂಬ ನಾಲ್ಕೇ ಮಾಸಿಕ ಸಭೆಗಳು. ಗೋಷನ್ ಅದರಲ್ಲಿಲ್ಲ. "ಹಿನ್‌ಷಾದಲ್ಲಿ ಸಿಗಲಿಲ್ಲ, ಆದ್ದರಿಂದ ದಾಖಲೆ ನಾಶವಾಗಿದೆ" ಎಂದು ಬರೆದ ಓದುಗರೊಬ್ಬರಿಗೆ ಬೇಕಿದ್ದ ಪುಸ್ತಕದ ಚಿತ್ರ ಆನ್‌ಲೈನಿನಲ್ಲೇ ಇತ್ತು. ಯಾವ ಸಂಪುಟದಲ್ಲಿ ಯಾವ ಸಭೆ ಇದೆ ಎಂಬ ಪಟ್ಟಿಯನ್ನು ಮೊದಲು ಓದಿ.

ಹಂತ 3: ದಿನಾಂಕ ಸರಿಪಡಿಸಿಕೊಳ್ಳಿ

ಅತಿ ಹೆಚ್ಚು ಮನೆಗಳ ವಂಶವೃಕ್ಷ ಕೆಟ್ಟಿರುವುದು ಈ ಹಂತದಲ್ಲಿ. ನಿಧಾನವಾಗಿ ಓದಿ.

ಕ್ವೇಕರರು ರೋಮನ್ ದೇವತೆಗಳ ಹೆಸರಿನ ತಿಂಗಳುಗಳನ್ನು ಬಳಸುತ್ತಿರಲಿಲ್ಲ. ಒಂದನೇ ತಿಂಗಳು, ಎರಡನೇ ತಿಂಗಳು ಎಂದೇ ಬರೆಯುತ್ತಿದ್ದರು. ಬ್ರಿಟಿಷ್ ಸಾಮ್ರಾಜ್ಯದಲ್ಲಿ 1752ರ ಜನವರಿಗೆ ಮೊದಲು ವರ್ಷ ಹೊರಳುತ್ತಿದ್ದದ್ದು ಮಾರ್ಚಿನಲ್ಲಿ. ಹಾಗಾಗಿ ಆಗಿನ ಒಂದನೇ ತಿಂಗಳು ಮಾರ್ಚ್, ಹನ್ನೆರಡನೆಯದು ಫೆಬ್ರವರಿ. ಯುಗಾದಿಗೆ ವರ್ಷ ಎಣಿಸುವ ನಮಗೆ ಇದು ಅಷ್ಟು ವಿಚಿತ್ರ ಅನ್ನಿಸಬೇಕಿಲ್ಲ. ನೆನಪಿಡಲು ನಮಗೊಂದು ಸುಲಭದ ಸೂತ್ರವೂ ಇದೆ: ಸೆಪ್ಟೆಂಬರ್‌ನಲ್ಲಿ ಸಪ್ತ, ಅಕ್ಟೋಬರ್‌ನಲ್ಲಿ ಅಷ್ಟ, ನವೆಂಬರ್‌ನಲ್ಲಿ ನವ, ಡಿಸೆಂಬರ್‌ನಲ್ಲಿ ದಶ ಕೂತಿದೆ. 1752ಕ್ಕೆ ಮೊದಲು ಏಳು ಎಂದರೆ ಸೆಪ್ಟೆಂಬರ್, ಎಂಟು ಎಂದರೆ ಅಕ್ಟೋಬರ್. 1752ರಿಂದ ಮುಂದೆ ಒಂದು ಎಂದರೆ ಜನವರಿ, ಈಗಿನ ಲೆಕ್ಕವೇ.

ಆ್ಯಶ್‌ಬ್ರಿಜ್‌ಳ ಬದುಕಿನ ಎರಡು ತಾರೀಖು ಪಕ್ಕಪಕ್ಕ ಇಟ್ಟು ನೋಡಿ. ತಾನು ನ್ಯೂಯಾರ್ಕಿಗೆ ಬಂದಿಳಿದದ್ದು 1732ರ 7ನೇ ತಿಂಗಳ 15 ಎಂದು ಆಕೆ ಬರೆದುಕೊಂಡಿದ್ದಾಳೆ. ಅದು ಸೆಪ್ಟೆಂಬರ್ 15. ಆಕೆ ತೀರಿಕೊಂಡದ್ದು 1755ರ 5ನೇ ತಿಂಗಳ 16. ಅದು ಮೇ 16. ಮೊದಲನೆಯದಕ್ಕೆ ಹಳೆಯ ಲೆಕ್ಕ, ಎರಡನೆಯದಕ್ಕೆ ಹೊಸದು. ಹಿಂದೆ ನಾನೇ ಮೊದಲನೆಯದನ್ನು ಜುಲೈ ಎಂದು ಬರೆದುಕೊಂಡು, ಜುಲೈ ತಿಂಗಳಲ್ಲಿ ನ್ಯೂಯಾರ್ಕಿಗೆ ಬಂದ ಹಡಗುಗಳ ಸುದ್ದಿ ಹುಡುಕುತ್ತಾ ಎರಡು ವಾರ ಕಳೆದಿದ್ದೆ.

ಜನವರಿ 1ರಿಂದ ಮಾರ್ಚ್ 24ರವರೆಗಿನ ದಿನಗಳಿಗೆ ಎರಡು ವರ್ಷ ಬರೆದಿರುವುದು ಕಾಣುತ್ತದೆ. 12ನೇ ತಿಂಗಳು 1728/9 ಎಂದಿದ್ದರೆ ಅದು ನಮ್ಮ ಲೆಕ್ಕದ 1729ರ ಫೆಬ್ರವರಿ. ಗೆರೆ ಇಲ್ಲದೆ ಬರೀ 1728 ಎಂದಿದ್ದರೂ ಅದೇ ಫೆಬ್ರವರಿ 1729 ಆಗಿರುವುದೇ ಹೆಚ್ಚು.

ತಪ್ಪಿದರೆ ಏನಾಗುತ್ತದೆ? ದಂಪತಿಯೊಂದರ ಮದುವೆ 3ನೇ ತಿಂಗಳು 1719, ಮಗುವಿನ ಜನನ 11ನೇ ತಿಂಗಳು 1719 ಎಂದಿಟ್ಟುಕೊಳ್ಳಿ. ಸರಿಯಾದ ಲೆಕ್ಕದಲ್ಲಿ ಮೇ 1719ರಲ್ಲಿ ಮದುವೆ, ಜನವರಿ 1720ರಲ್ಲಿ ಮಗು. ತಿಂಗಳನ್ನು ಜನವರಿ ಎಂದು ತಿದ್ದಿ ವರ್ಷವನ್ನು 1719ಕ್ಕೇ ಬಿಟ್ಟರೆ ಮಗು ಮದುವೆಗೆ ನಾಲ್ಕು ತಿಂಗಳು ಮೊದಲೇ ಹುಟ್ಟಿದಂತಾಗುತ್ತದೆ. ಆಗ ಯಾರೋ "ಮೊದಲ ಹೆಂಡತಿ"ಯೊಬ್ಬಳನ್ನು ಊಹಿಸಿ ಮಗುವನ್ನು ಆಕೆಯ ಮಡಿಲಿಗೆ ಹಾಕುತ್ತಾರೆ. ಇರದ ಹೆಣ್ಣೊಬ್ಬಳು ವಂಶವೃಕ್ಷದಲ್ಲಿ ಶಾಶ್ವತವಾಗಿ ಕೂರುತ್ತಾಳೆ, ನಿಜವಾದ ತಾಯಿಯಿಂದ ಮಗು ದೂರವಾಗುತ್ತದೆ.

ಆನ್‌ಲೈನ್ ಸೂಚಿಗಳಲ್ಲಿ ಯಂತ್ರವೋ ಮನುಷ್ಯರೋ 7 ಕಂಡಲ್ಲಿ ಜುಲೈ ಎಂದು ಹಾಕಿರುವುದು ತೀರಾ ಸಾಮಾನ್ಯ. ಸೂಚಿ ಇರುವುದು ಪುಟ ತೋರಿಸಲು. ತಾರೀಖನ್ನು ಪುಟದ ಚಿತ್ರ ನೋಡಿಯೇ ಬರೆದುಕೊಳ್ಳಿ.

ಹಂತ 4: ಹೆಂಗಸರ ಸಭೆಯ ನಡಾವಳಿ ತೆರೆಯಿರಿ

ಪ್ರತಿ ಮಾಸಿಕ ಸಭೆಯಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತು ಬೇರೆ ಬೇರೆ ವ್ಯವಹಾರ ನಡೆಸಿ, ಬೇರೆ ಬೇರೆ ನಡಾವಳಿ ಪುಸ್ತಕ ಬರೆಯುತ್ತಿದ್ದರು. ಹುಡುಕುವವರಲ್ಲಿ ಹೆಚ್ಚಿನವರು ಗಂಡಸರ ಪುಸ್ತಕ ನೋಡಿ ನಿಲ್ಲಿಸುತ್ತಾರೆ. ಹೆಂಗಸರ ನಡಾವಳಿಯ ಅಕ್ಷರ ಕೆಲವು ಕಡೆ ಒರಟು, ಕಾಗುಣಿತ ಬರೆಯುವವರ ಬಾಯಿಗೆ ಬಂದಂತೆ. ಆದರೆ ಯಾರು ಬಾಣಂತಿ, ಯಾರು ವಿಧವೆಯಾದಳು, ಯಾರು ಯಾರ ಜೊತೆ ಪ್ರಯಾಣ ಹೊರಡಲು ಅನುಮತಿ ಕೇಳಿದಳು ಎಂಬ ಸುಳಿವು ಸಿಗುವುದು ಅಲ್ಲಿಯೇ.

ಕ್ವೇಕರರಲ್ಲಿ ಪಾದ್ರಿ ದೀಕ್ಷೆ ಇಲ್ಲ, ಸಂಬಳವೂ ಇಲ್ಲ. ಸಭೆಯಲ್ಲಿ ಎದ್ದು ಮಾತಾಡುವ ಹೆಣ್ಣಿನ ಮಾತಿಗೆ ದೈವಪ್ರೇರಣೆ ಇದೆ ಎಂದು ಸಭೆಗೆ ಮನವರಿಕೆಯಾದಾಗ ಆಕೆಯನ್ನು ಬೋಧಕಿ ಎಂದು ಒಪ್ಪಿಕೊಳ್ಳುತ್ತಿದ್ದರು. ಆದ್ದರಿಂದ "ದೀಕ್ಷೆಯ ತಾರೀಖು" ಹುಡುಕಬೇಡಿ. ಬೋಧಕರು ಮತ್ತು ಹಿರಿಯರ ಸಭೆ ಎಂಬ ಬೇರೆಯದೇ ಒಂದು ಸಭೆಯ ಪುಸ್ತಕವನ್ನು ಕೇಳಿ. ಆಕೆಯ ಹೆಸರು ಅಲ್ಲಿ ಮೊದಲು ಕಾಣಿಸಿಕೊಳ್ಳುವ ದಿನವನ್ನು ಗುರುತು ಹಾಕಿಕೊಳ್ಳಿ.

ಹಿನ್‌ಷಾದಂಥ ಸಾರಸಂಗ್ರಹಗಳಲ್ಲಿ ಸಂಕ್ಷೇಪಾಕ್ಷರಗಳು ತುಂಬಿರುತ್ತವೆ. ಜಿಸಿಟಿ ಎಂದರೆ ಇಂಥ ಸಭೆಗೆ ಸದಸ್ಯತ್ವದ ಪತ್ರ ಕೊಟ್ಟು ಕಳಿಸಿದರು, ಆರ್‌ಓಸಿಎಫ್ ಎಂದರೆ ಇಂಥ ಸಭೆಯಿಂದ ಪತ್ರ ತಂದು ಸೇರಿದರು, ಆರ್‌ಎಂಟಿ ಎಂದರೆ ಮದುವೆಯಾದ ವರದಿ ಬಂತು, ಎಂಓಯು ಎಂದರೆ ಪಂಗಡದ ಕಟ್ಟಳೆ ಮೀರಿ ಮದುವೆ. "ಕಾನ್" ಎಂಬ ಮೂರಕ್ಷರ ನೋಡಿ ಹೆದರಬೇಡಿ. ಶಿಕ್ಷೆಯಾಯಿತು ಎಂದು ಅದರ ಅರ್ಥವಲ್ಲ. ತಪ್ಪಾಯಿತೆಂದು ಆಕೆಯೇ ಬರೆದು ಒಪ್ಪಿಸಿದಳು, ಸದಸ್ಯಳಾಗಿ ಉಳಿದಳು ಎಂದರ್ಥ. "ಡಿಸ್" ಎಂದಿದ್ದರೆ ಸದಸ್ಯತ್ವ ಹೋಯಿತು. ಅದನ್ನು ಕನ್ನಡದಲ್ಲಿ ಬಹಿಷ್ಕಾರ ಎಂದು ಬರೆಯಬೇಡಿ. ಆ ಪದಕ್ಕೆ ನಮ್ಮಲ್ಲಿ ನೀರು ನೆರಳು ತಪ್ಪಿಸುವ ಅರ್ಥ ಇದೆ. ಸದಸ್ಯತ್ವ ಕಳಕೊಂಡವರು ಆರಾಧನೆಗೆ ಬಂದು ಕೂರಬಹುದಿತ್ತು, ಎಷ್ಟೋ ಜನ ವರ್ಷಗಳ ನಂತರ ಮರಳಿ ಸೇರಿದರು.

ಹಂತ 5: ಮದುವೆಯ ಪತ್ರ, ಗೆರೆ ಗೆರೆ

ತವರು ಸಿಗುವ ಅತಿ ಗಟ್ಟಿ ಜಾಗ ಇದು. ಮದುವೆಯಾಗುವ ಜೋಡಿ ಎರಡು ತಿಂಗಳ ಎರಡು ಮಾಸಿಕ ಸಭೆಗಳಲ್ಲಿ ನಿಂತು ತಮ್ಮ ಉದ್ದೇಶ ಹೇಳಬೇಕಿತ್ತು. ಮೊದಲ ಬಾರಿ ಹೇಳಿದಾಗ ಹೆಣ್ಣಿಗೆ ಬೇರೆ ಯಾರಿಗೂ ಮಾತು ಕೊಟ್ಟಿಲ್ಲವೆಂದು ವಿಚಾರಿಸಲು ಇಬ್ಬರು ಹೆಂಗಸರನ್ನು, ಗಂಡಿಗೆ ಇಬ್ಬರು ಗಂಡಸರನ್ನು ನೇಮಿಸುತ್ತಿದ್ದರು. ಹೀಗೆ ಒಂದು ಮದುವೆಗೆ ಕಡಿಮೆಯೆಂದರೂ ಮೂರು ತಿಂಗಳ ನಡಾವಳಿಯಲ್ಲಿ ಉಲ್ಲೇಖ ಇರುತ್ತದೆ: ಮೊದಲ ಹೇಳಿಕೆ, ಎರಡನೆಯದು, ಮದುವೆ ಕ್ರಮವಾಗಿ ನಡೆಯಿತೆಂಬ ವರದಿ. ಒಂದರಲ್ಲಿ ಮಸಿ ಹರಡಿದ್ದರೆ ಇನ್ನೊಂದರಲ್ಲಿ ಹೆಸರು ಓದಬಹುದು. ಮೊದಲ ಹೇಳಿಕೆಯ ತಾರೀಖನ್ನೇ ಮದುವೆಯ ತಾರೀಖು ಎಂದು ಬರೆದುಕೊಂಡವರು ಬಹಳ.

ಈಗ ಪತ್ರದ ಪುಟ ಕಣ್ಣ ಮುಂದೆ ತಂದುಕೊಳ್ಳಿ. ಮೇಲೆ ಉದ್ದನೆಯ ಒಕ್ಕಣೆ: ಇಂಥ ಊರಿನ ಇಂಥವರ ಮಗ, ಇಂಥ ಊರಿನ ಇಂಥವರ ಮಗಳು. ತಂದೆ ತೀರಿಕೊಂಡಿದ್ದರೆ ಹೆಸರಿನ ಮುಂದೆ ಅದನ್ನೂ ಬರೆದಿರುತ್ತಾರೆ, ಅದೊಂದೇ ಪದದಿಂದ ತಂದೆಯ ಸಾವಿನ ಕಾಲ ನಿಮಗೆ ಸಿಕ್ಕಂತಾಯಿತು. ಒಕ್ಕಣೆಯ ಕೊನೆಯಲ್ಲಿ, ವಾಡಿಕೆಯಂತೆ ಹೆಣ್ಣು ಗಂಡನ ಮನೆತನದ ಹೆಸರು ಇಟ್ಟುಕೊಂಡು ಸಹಿ ಹಾಕಿದಳು ಎಂಬ ಸಾಲು. ಆದ್ದರಿಂದ ಕೆಳಗಿನ ಸಹಿಯಲ್ಲಿ ಆಗಲೇ ಹೊಸ ಹೆಸರು ಇರುತ್ತದೆ, ತವರಿನ ಹೆಸರು ಒಕ್ಕಣೆಯಲ್ಲಿ ಮಾತ್ರ. ಸಹಿ ನೋಡಿ ಗಂಡನ ಮನೆತನದ ಹೆಸರನ್ನೇ ತವರೆಂದು ತಿಳಿದರೆ, ಆಕೆ ಗಂಡನ ದಾಯಾದಿಯ ಮಗಳಾಗಿಬಿಡುತ್ತಾಳೆ.

ಸಹಿಗಳ ಕೆಳಗೆ ಸಾಕ್ಷಿಗಳ ಹೆಸರು ಅಂಕಣ ಅಂಕಣವಾಗಿ ಇಳಿಯುತ್ತವೆ. ಅಲ್ಲಿ ಬಂದು ಕೂತಿದ್ದವರೆಲ್ಲ ಸಹಿ ಹಾಕುತ್ತಿದ್ದರು. ಬಲಗಡೆ, ವಧೂವರರ ಹೆಸರಿನ ನೇರ ಕೆಳಗಿನ ಅಂಕಣದಲ್ಲಿ ಸಾಮಾನ್ಯವಾಗಿ ಹತ್ತಿರದ ಬಂಧುಗಳು. ಆ ಅಂಕಣವನ್ನು ಕ್ರಮ ಕೆಡಿಸದೆ ಪೂರ್ತಿ ನಕಲು ಮಾಡಿಕೊಳ್ಳಿ. ಬೇರೆ ಮನೆತನದ ಹೆಸರಿನ ಹೆಂಗಸೊಬ್ಬಳು ತಂದೆತಾಯಿಯ ಸಹಿಯ ಬೆನ್ನಿಗೇ ಇದ್ದರೆ, ಬಹುಶಃ ಅದು ಮದುವೆಯಾಗಿ ಹೋದ ಅಕ್ಕ ಅಥವಾ ಅಜ್ಜಿ. ಸಾಕ್ಷ್ಯ ಸಿಗುವವರೆಗೆ "ಬಹುಶಃ" ಎಂಬ ಪದವನ್ನು ನೋಟ್‌ಬುಕ್ಕಿನಿಂದ ಅಳಿಸಬೇಡಿ.

ವಿಧವೆಯ ಮರುಮದುವೆಯಲ್ಲಿ ಎಚ್ಚರ ಬೇಕು. 1746ರಲ್ಲಿ ಆರನ್ ಆ್ಯಶ್‌ಬ್ರಿಜ್‌ನನ್ನು ಮದುವೆಯಾದಾಗ ಎಲಿಜಬೆತ್‌ಳ ಮನೆತನದ ಹೆಸರು ಸುಲಿವನ್. ಅದು ಎರಡನೇ ಗಂಡನದು. ಸುಲಿವನ್ ಎಂಬ ತಂದೆಯನ್ನು ಐರ್ಲೆಂಡಿನಲ್ಲಿ ಹುಡುಕಿದರೆ ಸಿಗುವವನು ಆಕೆಗೆ ಏನೂ ಆಗಬೇಕಾದವನಲ್ಲ. ಆಕೆಯ ತಂದೆ ಥಾಮಸ್ ಸ್ಯಾಂಪ್ಸನ್.

ಹಂತ 6: ಊರು ಬಿಟ್ಟ ಪತ್ರವೋ, ಪ್ರವಾಸದ ಪತ್ರವೋ?

ಶಾಲೆ ಬಿಡುವಾಗ ಟಿ.ಸಿ. ತೆಗೆದುಕೊಂಡು ಹೊಸ ಶಾಲೆಗೆ ಕೊಡುವಂತೆ, ಕ್ವೇಕರರು ಊರು ಬದಲಿಸುವಾಗ ಹಳೆಯ ಮಾಸಿಕ ಸಭೆಯಿಂದ ಪತ್ರ ತಂದು ಹೊಸ ಸಭೆಗೆ ಕೊಡಬೇಕಿತ್ತು. ಹಿಂದಕ್ಕೆ ನಡೆಯಲು ಇದೇ ನಿಮ್ಮ ಏಣಿ. ಕೊಟ್ಟ ಸಭೆಯ ಪುಸ್ತಕ, ಪಡೆದ ಸಭೆಯ ಪುಸ್ತಕ ಎರಡೂ ನೋಡಿ, ನಡುವಿನ ತಿಂಗಳುಗಳ ಅಂತರ ಬರೆದಿಡಿ.

ಮದುವೆ ಸಾಮಾನ್ಯವಾಗಿ ಹೆಣ್ಣಿನ ಸಭೆಯಲ್ಲಿ ನಡೆಯುತ್ತಿತ್ತು. ಆಮೇಲೆ ಆಕೆ ತನ್ನ ಪತ್ರವನ್ನು ಗಂಡನ ಸಭೆಗೆ ತರುತ್ತಿದ್ದಳು. ಹಾಗಾಗಿ ಗಂಡನ ಸಭೆಯ ಪುಸ್ತಕದಲ್ಲಿ ಮದುವೆ ಸಿಗದಿದ್ದರೆ, ಮುಂದಿನ ಒಂದು ವರ್ಷದಲ್ಲಿ ಬಂದ ಪತ್ರಗಳನ್ನು ಓದಿ. ಯಾವ ಸಭೆಯಿಂದ ಬಂತೋ ಅಲ್ಲಿ ಮದುವೆ ಇದೆ.

ಬೋಧಕಿಯರಿಗೆ ಇನ್ನೊಂದು ಬಗೆಯ ಪತ್ರವೂ ಇತ್ತು. ಬೋಧನೆಗೆ ಹೊರಡುವಾಗ ತನ್ನ ಮಾಸಿಕ ಸಭೆಯಿಂದ ಒಪ್ಪಿಗೆ ಪತ್ರ ಪಡೆಯಬೇಕು, ಕಡಲು ದಾಟುವುದಾದರೆ ಮೇಲಿನ ಸಭೆಗಳ ಒಪ್ಪಿಗೆಯೂ ಬೇಕು. ಹೋದ ಸಭೆಗಳವರು ತಾವು ಸಂತೋಷಪಟ್ಟೆವೆಂದು ಬರೆದುಕೊಡುತ್ತಿದ್ದರು. ಆಕೆ ಮರಳಿದ ಮೇಲೆ ಅವನ್ನು ತನ್ನ ಸಭೆಯಲ್ಲಿ ಓದುತ್ತಿದ್ದರು. ಎರಡು ಬಗೆಯ ಪತ್ರಗಳನ್ನು ಒಂದೇ ಎಂದು ತಿಳಿಯುವುದು ನಾನು ಕಂಡ ತಪ್ಪುಗಳಲ್ಲೇ ದೊಡ್ಡದು. ಸುಸಾನಾ ಮಾರಿಸ್ ಎಂಬ ಬೋಧಕಿ, ಹುಟ್ಟಿದ ಮನೆತನ ಹೀತ್, ಪೆನ್ಸಿಲ್ವೇನಿಯಾದಿಂದ ಬ್ರಿಟನ್, ಐರ್ಲೆಂಡ್ ಕಡೆಗೆ ಮೂರು ಬಾರಿ ಹೋಗಿ ಬಂದಳು. ಆ ಪತ್ರಗಳನ್ನು ಟಿ.ಸಿ. ಎಂದು ಓದಿದರೆ ಆಕೆಯ ಕುಟುಂಬ ಮೂರು ಸಲ ವಲಸೆ ಹೋದಂತೆ ಕಾಣುತ್ತದೆ. ಗಂಡ, ಮಕ್ಕಳು ಮನೆಯಲ್ಲೇ ಇದ್ದರು.

ಗುರುತಿಸುವುದು ಹೀಗೆ: ಪತ್ರದಲ್ಲಿ ಗಂಡ, ಮಕ್ಕಳ ಹೆಸರಿದ್ದು ಒಂದೇ ಸಭೆಗೆ ಬರೆದಿದ್ದರೆ ಅದು ಊರು ಬಿಟ್ಟ ಪತ್ರ. ಆಕೆಯದೊಂದೇ ಹೆಸರಿದ್ದು, ಅಥವಾ ಜೊತೆಗಾತಿಯ ಉಲ್ಲೇಖವಿದ್ದು, "ಅಲ್ಲಿನ ಸ್ನೇಹಿತರೆಲ್ಲರಿಗೆ" ಎಂದು ಬರೆದಿದ್ದರೆ ಪ್ರವಾಸದ್ದು. ಜೊತೆಗಾತಿಯ ಹೆಸರನ್ನೂ ಬರೆದುಕೊಳ್ಳಿ. ಆಕೆಯ ದಿನಚರಿಯೋ ಕಾಗದವೋ ಉಳಿದಿದ್ದರೆ ನಿಮ್ಮಾಕೆಯ ಮನೆಯ ಸುದ್ದಿ ಅದರಲ್ಲಿ ಬರುವುದುಂಟು.

ಹಂತ 7: ಹುಟ್ಟಿನಿಂದ ಕ್ವೇಕರಳೇ, ಒಪ್ಪಿ ಸೇರಿದವಳೇ?

ಕಡಲು ದಾಟಿ ಹಿಂದಕ್ಕೆ ಹೋಗುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಹುಟ್ಟಿನಿಂದ ಕ್ವೇಕರಳಾದರೆ ಜನನ ಕ್ವೇಕರ್ ರಿಜಿಸ್ಟರಿನಲ್ಲಿದೆ. ಇಂಗ್ಲೆಂಡ್, ವೇಲ್ಸ್‌ಗಳ ಆ ರಿಜಿಸ್ಟರುಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದ ಆರ್‌ಜಿ 6 ಸರಣಿಯಲ್ಲಿವೆ. ಅವುಗಳ ಸಾರಸೂಚಿ ಯೂಸ್ಟನ್ ರಸ್ತೆಯ ಫ್ರೆಂಡ್ಸ್ ಹೌಸ್ ಗ್ರಂಥಾಲಯದಲ್ಲಿದೆ. ಐರ್ಲೆಂಡಿನ ಕ್ವೇಕರರು ತಮ್ಮ ಪುಸ್ತಕಗಳನ್ನು ತಾವೇ ಇಟ್ಟುಕೊಂಡಿದ್ದರು. ಡಬ್ಲಿನ್ನಿನ ದಾಖಲೆ ಭಂಡಾರ 1922ರಲ್ಲಿ ಸುಟ್ಟು ಚರ್ಚ್ ಆಫ್ ಐರ್ಲೆಂಡಿನ ಎಷ್ಟೋ ರಿಜಿಸ್ಟರುಗಳು ಬೂದಿಯಾದಾಗಲೂ ಇವು ಉಳಿದವು.

ಒಪ್ಪಿ ಸೇರಿದವಳಾದರೆ ಕ್ವೇಕರ್ ಜನನ ರಿಜಿಸ್ಟರಿನಲ್ಲಿ ಅದೇ ಹೆಸರು ಸಿಕ್ಕರೂ ಅದು ಬೇರೆ ಹೆಣ್ಣು. ಆ್ಯಶ್‌ಬ್ರಿಜ್ 1713ರಲ್ಲಿ ಚೆಷೈರ್‌ನ ಮಿಡ್ಲ್‌ವಿಚ್‌ನಲ್ಲಿ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಚರ್ಚಿನ) ಮನೆಯಲ್ಲಿ ಹುಟ್ಟಿದವಳು. ಆಕೆಯನ್ನು ಹುಡುಕಬೇಕಾದ್ದು ಅಲ್ಲಿನ ಪ್ಯಾರಿಷ್ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ. ಆ ಪುಟ ಹಾಳಾಗಿದ್ದರೆ, ಪ್ರತಿ ವರ್ಷ ಬಿಷಪ್ಪರ ಕಚೇರಿಗೆ ಕಳಿಸುತ್ತಿದ್ದ ನಕಲು ಪ್ರತಿ ನೋಡಬಹುದು.

ಆಕೆಯ ಆತ್ಮಕಥನದ ಅಚ್ಚಾದ ಪಾಠದಲ್ಲಿ ಎಲ್ಲರೂ ಕಣ್ಣಾಡಿಸಿ ಮುಂದೆ ಹೋಗುವ ಒಂದು ಮಾತಿದೆ: ತಾನು ತಂದೆಗೆ ಒಬ್ಬಳೇ ಮಗಳು, ತಾಯಿಗೆ ಮೊದಲ ಗಂಡನಿಂದ ಒಬ್ಬ ಮಗ, ಒಬ್ಬ ಮಗಳು ಇದ್ದರು. ವಂಶ ಹುಡುಕುವವರಿಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಬೆಲೆಬಾಳುವ ಸಾಲಿಲ್ಲ. ತಾಯಿ ಮೇರಿ ಥಾಮಸ್ ಸ್ಯಾಂಪ್ಸನ್‌ನನ್ನು ಕೈಹಿಡಿದಾಗ ವಿಧವೆ. ಅಂದರೆ ಆ ಮದುವೆಯ ದಾಖಲೆಯಲ್ಲಿ ಆಕೆಗಿರುವುದು ಮೊದಲ ಗಂಡನ ಮನೆತನದ ಹೆಸರು. ಅಜ್ಜಿತಾತನ ಹೆಸರು ಬೇಕಿದ್ದರೆ ಇನ್ನೊಂದು ಮದುವೆ ಹಿಂದಕ್ಕೆ ಹೋಗಲೇಬೇಕು. ತಂದೆ ಹಡಗಿನ ಶಸ್ತ್ರವೈದ್ಯನೆಂದೂ ಆಕೆ ಹೇಳುತ್ತಾಳೆ, ಆದ್ದರಿಂದ ಮಿಡ್ಲ್‌ವಿಚ್‌ನಲ್ಲಿ ಸಿಗುವ ಇತರ ಥಾಮಸ್ ಸ್ಯಾಂಪ್ಸನ್‌ಗಳಿಂದ ಅವನನ್ನು ಬೇರ್ಪಡಿಸಲು ವೃತ್ತಿಯನ್ನು ಹಿಡಿದುಕೊಳ್ಳಿ. ಹದಿನಾಲ್ಕನೇ ವಯಸ್ಸಿಗೆ ಆಕೆ ಮನೆಬಿಟ್ಟು ಓಡಿಹೋಗಿ ಮದುವೆಯಾದಳು, ಐದು ತಿಂಗಳಿಗೆ ವಿಧವೆಯಾದಳು. ಇಂಗ್ಲೆಂಡಿನ ಮದುವೆ ಕಾಯ್ದೆ ಬಿಗಿಯಾದದ್ದು 1754ರಿಂದ. ಅದಕ್ಕೆ ಮೊದಲು ಓಡಿಹೋದವರ ಮದುವೆ ತಮ್ಮ ಊರಿನ ರಿಜಿಸ್ಟರಿನಲ್ಲಿ ಸಿಗದೇ ಇರಬಹುದು.

ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ ಹುಡುಕಿ ಸಮಯ ಹಾಳುಮಾಡಬೇಡಿ. ಫಿಲಡೆಲ್ಫಿಯಾದಲ್ಲಿ 1727ರಿಂದ ಇರುವ ಪಟ್ಟಿಗಳು ಜರ್ಮನ್ನರಂಥ ಪರದೇಶೀಯರದು. ಬ್ರಿಟಿಷ್ ರಾಜನ ಪ್ರಜೆಗಳು ಅದರಲ್ಲಿ ಬರುವುದಿಲ್ಲ.

ಹಂತ 8: ಗಂಡಸರ ಉಯಿಲುಗಳಲ್ಲಿ ಆಕೆ

ಮದುವೆಯಾದ ಹೆಣ್ಣಿಗೆ ಗಂಡ ಬದುಕಿರುವಾಗ ತನ್ನ ಹೆಸರಿನಲ್ಲಿ ಉಯಿಲು ಬರೆಯುವ ಹಕ್ಕು ಸಾಮಾನ್ಯವಾಗಿ ಇರಲಿಲ್ಲ. ಆಕೆಯ ಉಯಿಲು ಇಲ್ಲ ಎಂದು ಬೇಸರ ಬೇಡ. ತಂದೆ, ಅಣ್ಣತಮ್ಮಂದಿರು, ಮದುವೆಯಾಗದೆ ಉಳಿದ ಚಿಕ್ಕಮ್ಮ, ವಿಧವೆಯಾದ ತಾಯಿ ಇವರೆಲ್ಲರ ಉಯಿಲು ಓದಿ. "ನನ್ನ ಮಗಳು ಇಂಥವನ ಹೆಂಡತಿಗೆ" ಎಂಬ ಒಂದು ಸಾಲು ಸಾಕು.

ಇಲ್ಲಿ ಕನ್ನಡಿಗರಿಗೆಂದೇ ಒಂದು ಎಚ್ಚರಿಕೆ. ನಮ್ಮ ಭಾಷೆಯಲ್ಲಿ ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ, ಅತ್ತೆಯ ಮಗ ಬೇರೆ. ಆ ಕಾಲದ ಇಂಗ್ಲಿಷಿನಲ್ಲಿ ಕಸಿನ್ ಎಂದರೆ ಅಣ್ಣನ ಮಗನೂ ಆಗಬಹುದು, ಅಕ್ಕನ ಮಗಳೂ ಆಗಬಹುದು. ಮದರ್ ಇನ್ ಲಾ ಎಂದರೆ ಅತ್ತೆಯೂ ಆಗಬಹುದು, ಮಲತಾಯಿಯೂ ಆಗಬಹುದು. ಹಿರಿಯ, ಕಿರಿಯ ಎಂದು ಹೆಸರಿನ ಮುಂದಿದ್ದರೆ ಅಪ್ಪ ಮಗನೇ ಆಗಬೇಕಿಲ್ಲ, ಒಂದೇ ಊರಿನ ಒಂದೇ ಹೆಸರಿನ ಇಬ್ಬರು ಅಷ್ಟೇ. ಟಿಪ್ಪಣಿ ಮಾಡುವಾಗ ಕನ್ನಡದ ನಂಟಿನ ಹೆಸರು ಬಳಸಿದ ಕ್ಷಣವೇ ದಾಖಲೆಯಲ್ಲಿ ಇಲ್ಲದ ತೀರ್ಪೊಂದನ್ನು ನೀವು ಕೊಟ್ಟಂತೆ. ಬೇರೆ ಸಾಕ್ಷ್ಯ ಸಿಗುವವರೆಗೆ "ಕಸಿನ್" ಎಂದೇ ಬರೆದಿಡಿ.

ಗೋಷನ್, ಗ್ವಿನೆಡ್, ರ‍್ಯಾಡ್ನರ್ ಸುತ್ತ ವೇಲ್ಸಿನಿಂದ ಬಂದವರು ಹೆಚ್ಚು. ಅವರಲ್ಲಿ ಅಪ್ಪನ ಹೆಸರೇ ಮಕ್ಕಳ ಮನೆತನದ ಹೆಸರಾಗುತ್ತಿದ್ದದ್ದುಂಟು. ಅಣ್ಣತಂಗಿಯರ ಮನೆತನದ ಹೆಸರು ಅಪ್ಪನದಕ್ಕಿಂತ ಬೇರೆ ಇದ್ದರೆ ಗಾಬರಿಯಾಗಬೇಡಿ.

ದಾರಿ ತಪ್ಪಿದ ಗುರುತುಗಳು

ಕೆಳಗಿನ ಯಾವುದಾದರೂ ಕಂಡರೆ ಅಲ್ಲೇ ನಿಂತು ಹಿಂದಿನ ಹಂತಕ್ಕೆ ಹೋಗಿ. 1752ಕ್ಕೆ ಮೊದಲಿನ ಘಟನೆಗೆ ತಿಂಗಳ ಹೆಸರು ಮಾತ್ರ ಇದೆ, ಮೂಲದ ಅಂಕಿ ಇಲ್ಲ. ಆಕೆಯ ಪ್ರವಾಸದ ನಡುವೆ ಮನೆಯಲ್ಲಿ ಮಗು ಹುಟ್ಟಿದೆ. ಒಂದೇ ತಿಂಗಳಲ್ಲಿ ಎರಡು ಸಭೆಗಳ ನಡಾವಳಿಯಲ್ಲಿ ಆಕೆ ಹಾಜರಿದ್ದಾಳೆ. ಕ್ವೇಕರ್ ದಂಪತಿಯ ಮಗುವಿಗೆ ದೀಕ್ಷಾಸ್ನಾನದ ತಾರೀಖು ಬರೆದಿದೆ (ಕ್ವೇಕರರು ದೀಕ್ಷಾಸ್ನಾನ ಮಾಡಿಸುತ್ತಿರಲಿಲ್ಲ). ಪತ್ರವಿಲ್ಲದೆ ಕುಟುಂಬ ಇನ್ನೂರು ಮೈಲಿ ದಾಟಿದೆ. ಇವುಗಳಲ್ಲಿ ಹೆಚ್ಚಿನವು ಒಂದೇ ಹೆಸರಿನ ಇಬ್ಬರು ಹೆಂಗಸರು ಒಬ್ಬಳಾದ ಗುರುತು.

ಅಂತರ್ಜಾಲದ ಹತ್ತು ವಂಶವೃಕ್ಷಗಳಲ್ಲಿ ಒಂದೇ ಮಾಹಿತಿ ಇದ್ದರೆ ಹತ್ತು ಸಾಕ್ಷಿ ಸಿಕ್ಕಿತೆಂದು ತಿಳಿಯಬೇಡಿ. ಒಬ್ಬರು ಬರೆದದ್ದನ್ನು ಒಂಬತ್ತು ಜನ ನಕಲು ಮಾಡಿರುತ್ತಾರೆ.

ಹಂತ 9: ದಾಖಲೆ ಭಂಡಾರಕ್ಕೆ ಕಾಗದ ಬರೆಯುವಾಗ

"ನಮ್ಮ ಸೊಸೆಯ ಪೂರ್ವಜಳ ಬಗ್ಗೆ ಏನಿದ್ದರೂ ಕಳಿಸಿ" ಎಂದು ಬರೆದರೆ ಉತ್ತರ ಬರುವುದು ಕಷ್ಟ. ಒಂದು ಕಾಗದಕ್ಕೆ ಒಂದೇ ಪ್ರಶ್ನೆ ಇರಲಿ: ಯಾವ ಮಾಸಿಕ ಸಭೆ, ಹೆಂಗಸರ ನಡಾವಳಿಯೋ ಗಂಡಸರದೋ, ಯಾವ ವರ್ಷದಿಂದ ಯಾವ ವರ್ಷ, ನೀವು ಆಗಲೇ ಏನೇನು ನೋಡಿದ್ದೀರಿ. ಉದಾಹರಣೆಗೆ: "ಗೋಷನ್ ಮಾಸಿಕ ಸಭೆಗೆ 1746, 1747ರಲ್ಲಿ ಹೆಂಗಸರು ತಂದ ಪತ್ರಗಳ ನಡಾವಳಿ ನಿಮ್ಮಲ್ಲಿದೆಯೇ? ಇದ್ದರೆ ಎಲಿಜಬೆತ್ ಎಂಬವಳು ಯಾವ ಸಭೆಯಿಂದ ಬಂದಳೆಂದು ತಿಳಿಯಬೇಕಾಗಿದೆ." ಇಷ್ಟು ನಿಖರವಾಗಿ ಕೇಳಿದರೆ ಅವರು ನೇರ ಆ ಪುಸ್ತಕಕ್ಕೆ ಕೈಹಾಕಬಹುದು.

"ಸಿಗಲಿಲ್ಲ" ಎಂಬ ಉತ್ತರ ಬಂದರೂ ತಾರೀಖಿನ ಸಮೇತ ಹಾಳೆಯಲ್ಲಿ ಬರೆದಿಡಿ: ಯಾವ ಪುಸ್ತಕ, ಯಾವ ಪುಟದಿಂದ ಯಾವ ಪುಟ, ಯಾವ ಪುಟಗಳು ಹರಿದಿದ್ದವು. ಮುಂದೆ ಮೊಮ್ಮಗಳೊಬ್ಬಳು ಇದೇ ಕೆಲಸಕ್ಕೆ ಕೂತಾಗ ಆಕೆ ಮೊದಲು ತೆರೆಯಬೇಕಾದ ಪುಟ ಅದು.